ಬಂದೆ ಅತ್ತೆ... ಬಂದೆ

ದೀಪ ಬೇಕಾದರೆ ಆರಿಸಿ. ಬಾಗಿಲಿಗೆ ಮಾತ್ರ ಅಗುಳಿ ಹಾಕಬೇಡಿ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತೆ.

ಇದು ಭೇರ್ಯದಲ್ಲಿ ನನ್ನ ಚಿಕ್ಕಮ್ಮನ ಮಗಳು ಶೋಭಾ ಮನೆಯಲ್ಲಿ ನಡೆದದ್ದು. ಅರ್ಧ ನಾನೇ ಕಂಡದ್ದು. ಇನ್ನರ್ಧ ಅವಳ ಅತ್ತೆ ಪುಟ್ಟಮಲ್ಲಮ್ಮ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದು. ಗಾವಡಗೆರೆ ಅಂಗನವಾಡಿಯಲ್ಲಿ ಕೂತು ದೆವ್ವಗಿವ್ವ ಎಲ್ಲ ಸುಳ್ಳು ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಈಗ ನಾನೇ ಹೇಳ್ತಾ ಇದೀನಿ, ಕೇಳಿ.

ಹೋದ ಕಾರ್ತಿಕದಲ್ಲಿ ನನ್ನ ಮಗಳ ಮದುವೆಗೆ ಕರೆಯೋಕೆ ಅಂತ, ನಾಲ್ಕು ವರ್ಷದ ಮೇಲೆ ಶೋಭಾ ಮನೆಗೆ ಹೊರಟೆ. ಹುಣಸೂರಲ್ಲಿ ಒಂದು ಬಸ್ಸು ತಪ್ಪಿತು. ಕೆ.ಆರ್. ನಗರದಿಂದ ಹತ್ತಿದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಭೇರ್ಯದಲ್ಲಿ ಇಳಿದಾಗ ಅಂಗಡಿಗಳೆಲ್ಲ ಮುಚ್ಚಿದ್ದವು, ಕರೆಂಟು ಬೇರೆ ಇಲ್ಲ. ಶೋಭಾ ಮನೆ ಇರೋದು ಊರಿನ ಆ ತುದಿಯಲ್ಲಿ. ನಡುವೆ ಒಂದು ಹಳೇ ಬಾವಿ. ಮನೆಮನೆಗೆ ನಲ್ಲಿ ಬಂದ ಮೇಲೆ ಅದರಲ್ಲಿ ಯಾರೂ ನೀರು ಸೇದಲ್ಲ. ರಾಟೆ ಮಾತ್ರ ಹಾಗೇ ಇದೆ.

ಬಾವಿ ಹತ್ತಿರ ಬಂದೆ. ಹಿಂದೆ ಸದ್ದು.

ಟಕ್... ಸರ್... ಟಕ್... ಸರ್...

ಕೋಲು ಊರಿಕೊಂಡು ಕಾಲೆಳೆದು ನಡೆಯುವ ಸದ್ದು. ಅದೂ ಬರೀ ಮರದ ಕೋಲಲ್ಲ, ತುದಿಗೆ ಕಬ್ಬಿಣ ಇರೋದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಪುಟ್ಟಮಲ್ಲಮ್ಮನ ಕೋಲು ಹಾಗೇ ಸದ್ದು ಮಾಡುತ್ತೆ.

"ಅತ್ತೆ, ನೀವಾ?" ಅಂದೆ.

ಮೊಬೈಲ್ ಬೆಳಕು ಹಿಂದಕ್ಕೆ ತಿರುಗಿಸಿದೆ. ರಸ್ತೆ... ಬಾವಿಕಟ್ಟೆ... ರಾಟೆ. ಯಾರೂ ಇಲ್ಲ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟೆ. ಟಕ್... ಸರ್... ಮತ್ತೆ ಶುರು. ನಾನು ಬೇಗ ನಡೆದೆ. ಅದು ಬೇಗ ನಡೆಯಲಿಲ್ಲ. ಬಹಳ ದೂರದಿಂದ ನಡೆದು ಸುಸ್ತಾದವರು ಬರ್ತಾರಲ್ಲ, ಹಾಗೇ ಬರ್ತಾ ಇತ್ತು.

ಮನೆ ಸಿಕ್ಕಿತು. ಕತ್ತಲಲ್ಲಿ ಜಗಲಿ ಮೇಲೆ ಯಾರೋ ಕೂತಿದ್ದರು. ಬೆಳಕು ಹಾಕಿದರೆ... ಪುಟ್ಟಮಲ್ಲಮ್ಮ! ಗೋಡೆ ಹಿಡಿದುಕೊಂಡು ಮೇಲೆ ಎದ್ದರು. ಕೈಯಲ್ಲಿ ಕೋಲೇ ಇಲ್ಲ.

"ಅತ್ತೆ, ನಿಮ್ಮ ಕೋಲೆಲ್ಲಿ? ನನ್ನ ಹಿಂದೆ ಯಾರೋ ಕೋಲು ಊರ್ಕಂಡು ಬತ್ತಿದ್ರು. ನೀವೇ ಅಂದ್ಕಂಡೆ."

ಅವರು ನನ್ನ ಮುಂಗೈ ಹಿಡಿದರು. ಕೈ ತಣ್ಣಗಿತ್ತು.

"ಮೆತ್ತಗೆ ಮಾತಾಡು ಮಂಗಳವ್ವ... ಎಂತಾ ಸದ್ದು? ಬರೀ ಮರದ್ದಾ, ಕಬ್ಬಿಣದ್ದಾ?"

"ಕಬ್ಬಿಣದ್ದು."

"ಬಾವಿಗಂಟ ಬಂತಾ?"

"ಬಾವೀನೂ ದಾಟ್ತು."

ಅವರು ರಸ್ತೆ ಕಡೆ ನೋಡಿದರು. ಆಮೇಲೆ ಒಳಗಡೆ ಅಡುಗೆಮನೆ ಕಡೆ ನೋಡಿದರು.

"ಮೊದ್ಲು ಉಂಡು ಬಾ. ಆಮೇಕೆ ಹೇಳ್ತೀನಿ. ಅವಳ ಎದುರಿಗೆ ಬ್ಯಾಡ."

ಅವಳು ಅಂದರೆ ಸೊಸೆ. ನಮ್ಮ ಶೋಭಾ.

ಈ ಶೋಭಾ ಹೇಗೆ ಅಂತ ನೀವು ತಿಳಿದಿರಬೇಕು. ಚಿಕ್ಕಂದಿನಿಂದ ಅವಳಿಗೆ ನಾವಿಟ್ಟ ಹೆಸರು 'ಬಂದೆ ಶೋಭಾ'. ಎಲ್ಲಿಂದ ಯಾರು ಕರೆದರೂ "ಬಂದೇ..." ಅನ್ನೋಳು. ಬರೋದು ಮಾತ್ರ ಅರ್ಧ ಗಂಟೆ ಬಿಟ್ಟು. "ಬಾಯಿ ಬಂತು, ಕಾಲು ಯಾವಾಗ ಬತ್ತದಂತೆ?" ಅಂತ ನಮ್ಮ ದೊಡ್ಡಮ್ಮ ರೇಗಿಸೋರು. ಧಾರೆ ಹೊತ್ತಿನಲ್ಲಿ ಹೆಣ್ಣು ಕರೆದುಕೊಂಡು ಬನ್ನಿ ಅಂತ ಪುರೋಹಿತರು ಕೂಗಿದರೆ, ಕೋಣೆ ಒಳಗಿಂದ ಮದುವಣಗಿತ್ತಿಯೇ "ಬಂದೆ ಬಂದೆ!" ಅಂದುಬಿಟ್ಟಳು. ಇಡೀ ಚಪ್ಪರ ನಕ್ಕಿತ್ತು. ಅಂಥವಳು. ನನಗೆ ಅವಳು ಅಂದರೆ ಜೀವ.

ಅವತ್ತು ಊಟಕ್ಕೆ ಕೂತಾಗ ಕರೆಂಟು ಬಂತು. ಮುದ್ದೆ, ಅವರೆಕಾಳು ಸಾರು. ರುಚಿಗೆ ಒಂದು ಮಾತು ಆಡುವ ಹಾಗಿರಲಿಲ್ಲ.

"ಶೋಭಾ, ಒಂಚೂರು ಮಜ್ಜಿಗೆ" ಅಂದೆ.

ತಿರುಗಿ ನೋಡುವಷ್ಟರಲ್ಲಿ ಲೋಟ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಬಾಯಿಂದ ಒಂದು ಮಾತಿಲ್ಲ. ಬಂದ ಕಾಲಿನ ಸದ್ದೂ ಇಲ್ಲ.

ಅವಳ ಗಂಡ ದೇವರಾಜ ನಕ್ಕ. "ನೋಡ್ದಾ ಮಂಗಳಕ್ಕ? ಫಾರಿನ್ ಟೂರು ಹೋಗ್ಬಂದ್ಮ್ಯಾಲೆ ನಿನ್ ತಂಗಿ ಸುಧಾರಿಸ್ಬುಟ್ಟವ್ಳೆ. ಒಂದ್ಕಿತ ಕರುದ್ರೆ ಸಾಕು, ಬಂದು ನಿಂತ್ಕತಾಳೆ."

ಅವಳೂ ನಕ್ಕಳು. ಅವಳ ಮಗಳು ಆಶಾರಾಣಿ ತಟ್ಟೆ ಎತ್ತಿಕೊಂಡು ಅಜ್ಜಿಗೆ ಒತ್ತಿ ಕೂತಿತು.

ಊಟ ಆದ ಮೇಲೆ ಪುಟ್ಟಮಲ್ಲಮ್ಮ ನನ್ನನ್ನು ಜಗಲಿಗೆ ಕರೆದರು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳ್ತಾ ಇತ್ತು. ಅದು ಕೇಳುವಷ್ಟು ಹೊತ್ತು ಅವರು ಹೇಳಿದರು. ಅವರು ಹೇಳಿದ ಹಾಗೇ ಹೇಳ್ತೀನಿ.

ದೇವರಾಜನದು ಕೆ.ಆರ್. ನಗರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಮೂರು ವರ್ಷದ ಹಿಂದೆ ಬೆಳೆಗೆ ಹೊಡೆಯೋ ಔಷಧಿಯ ಒಂದು ಕಂಪನಿಯವರು, ತಮ್ಮ ಮಾಲು ಹೆಚ್ಚು ಮಾರಿದ ಅಂಗಡಿಯವರನ್ನೆಲ್ಲ ಶ್ರೀಲಂಕಾ ಟೂರಿಗೆ ಕರೆದುಕೊಂಡು ಹೋದರು. ದೇವರಾಜ ಕೈಯಿಂದ ದುಡ್ಡು ಹಾಕಿ ಹೆಂಡತಿ, ಮಗಳನ್ನೂ ಹೊರಡಿಸಿದ. "ರಾವಣನ ಊರು ನೋಡ್ಬ್ಯಾಡ್ವಾ ಅವ್ವ?" ಅಂತ ತಾಯಿಯನ್ನೂ ಹೊರಡಿಸಿದ. ತಾಯಿ ಹೊರಟರು ಅಂದರೆ ಕೋಲೂ ಹೊರಟಿತು. ಅದು ಗಂಡ ಬದುಕಿದ್ದಾಗ ಕಡಿದುಕೊಟ್ಟ ಗಟ್ಟಿಬಿದಿರಿನ ಕೋಲು. ತುದಿಗೆ ಊರ ಕುಲುಮೆಯಲ್ಲಿ ಬಡಿಸಿ ಕೂರಿಸಿದ ಹೆಬ್ಬೆಟ್ಟು ದಪ್ಪದ ಕಬ್ಬಿಣದ ಬಳೆ. ವಿಮಾನ ಹತ್ತುವ ಕಡೆ ತಡೆದವರ ಹತ್ತಿರ ಜಗಳ ಆಡಿ ತಂದಿದ್ದರಂತೆ.

ಕಡೇ ದಿನ ಬೆಟ್ಟದ ಮೇಲಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕು. ಅದು ತಪ್ಪಿದರೆ ಕೊಲಂಬೊದಲ್ಲಿ ವಿಮಾನವೂ ತಪ್ಪುತ್ತೆ. ಜೊತೆಯವರೆಲ್ಲ ಮೊದಲೇ ಹೋಗಿ ರೈಲಿನ ಮುಂದಿನ ಡಬ್ಬಿಯಲ್ಲಿ ಕೂತಿದ್ದರು. ನಮ್ಮ ದೇವರಾಜ ಟೀಪುಡಿ ಅಂಗಡಿಯಲ್ಲಿ ಚೌಕಾಸಿ ಮಾಡ್ತಾ ನಿಂತಿದ್ದ. ಅವನ ಬುದ್ಧಿಯೇ ಅಷ್ಟು, ದೇಶ ಬಿಟ್ಟು ಹೋದರೂ ಚೌಕಾಸಿ ಬಿಡ. ಟೂರಿನವನು ಫೋನಿನ ಮೇಲೆ ಫೋನು ಮಾಡಿದ. ಆಟೋ ಹತ್ತಿ ಬಂದರು, ಇಳಿದು ಓಡಿದರು. ಹಾಡುಹಗಲು. ಆದರೆ ಮಂಜು ಅಂದರೆ ಎಂಥ ಮಂಜು, ಮುಂದೆ ಹೋಗುವವರ ಬೆನ್ನು ಕಾಣ್ತಾ ಇಲ್ಲ! ಕಲ್ಲಿನ ಮೆಟ್ಟಿಲ ಮೇಲೆ ಸೂಟ್‌ಕೇಸಿನ ಚಕ್ರ ಕಟಕಟಕಟ... ಮಗು ಅಳು... ಅತ್ತೆಗೆ ಏದುಸಿರು. ಹೊರಗಿನ ಟೀ ಅಂಗಡಿ ಬೆಂಚಿನ ಮೇಲೆ ಒಂದು ಗಳಿಗೆ ಕೂತರು. ಶೋಭಾ ಅವರನ್ನು ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು. ಅಂತೂ ರೈಲು ನಿಂತಿತ್ತು. ಕಡೇ ಡಬ್ಬಿಗೆ ಹತ್ತಿದರು.

ಹತ್ತಿ ಕೂತ ಮೇಲೆ ಅತ್ತೆಗೆ ಗೊತ್ತಾಯಿತು. ಕೈಯಲ್ಲಿ ಕೋಲಿಲ್ಲ. ಟೀ ಅಂಗಡಿ ಬೆಂಚಿನ ಹತ್ತಿರವೇ ಉಳಿದಿದೆ.

"ಹೋಗ್ಲಿ ಬುಡವ್ವ, ಹೊಸದು ಕೊಡುಸ್ತೀನಿ" ಅಂದ ದೇವರಾಜ.

"ನಿಮ್ಮಪ್ಪನ್ನೂ ಹೊಸದು ಕೊಡುಸ್ತೀಯೇನೋ?" ಅಂತ ಅತ್ತೆ ಕಣ್ಣಲ್ಲಿ ನೀರು ಹಾಕಿದರು.

ಶೋಭಾ ಮಗುವನ್ನು ಅತ್ತೆ ತೊಡೆ ಮೇಲೆ ಕೂರಿಸಿದಳು. "ಅಳಬ್ಯಾಡಿ ಅತ್ತೆ, ತತ್ತೀನಿ. ಒಂದ್ನಿಮ್ಸ... ಬಂದೆ!"

ಕೆಂಪು ಸ್ವೆಟರು. ಧಡಧಡ ಇಳಿದು ಮಂಜಿನೊಳಗೆ ಹೋದಳು.

ಸ್ಟೇಷನ್ನಿನ ಕೋಣೆಯಲ್ಲಿ ಗಂಟೆ. ಟಿಣ್... ಟಿಣ್. ಎಲ್ಲೋ ಮುಂದೆ ಗಾರ್ಡಿನ ಸೀಟಿ. ದೇವರಾಜ ಬಾಗಿಲಲ್ಲಿ ನಿಂತು "ಶೋಭಾ! ಏ ಶೋಭಾ!" ಅಂತ ಕೂಗಿದ. ಅತ್ತೆ ಕಿಟಕಿಯಿಂದ ತಲೆ ಹಾಕಿ ಕೂಗಿದರು. ಮಂಜು ಬಿಟ್ಟರೆ ಏನೂ ಇಲ್ಲ. ದೇವರಾಜ ಇಳಿಯೋಕೆ ಒಂದು ಕಾಲು ಕೆಳಗಿಟ್ಟಿದ್ದನಂತೆ...

ಅಷ್ಟರಲ್ಲಿ ಆ ಕಡೆ ಬಾಗಿಲಿಂದ ಶೋಭಾ ಒಳಗೆ ಬಂದಳು.

ಆ ಕಡೆ ಬಾಗಿಲು ಅಂದರೆ ಏನು ಗೊತ್ತಾ? ಅಲ್ಲಿ ಪ್ಲಾಟ್‌ಫಾರಂ ಇಲ್ಲ. ಕಂಬಿ, ಅದರಾಚೆ ಪ್ರಪಾತ. ಅತ್ತೆಗೆ ಆಗ ಅದೆಲ್ಲ ಹೊಳೆಯಲಿಲ್ಲ. ಅದೇ ಸ್ವೆಟರು, ಅದೇ ಮೊಕ, ಕೂದಲ ಮೇಲೆ ಮಂಜಿನ ಹನಿ. ಬಂದು ಎದುರಿಗೆ ಕೂತಳು. ಕೈ ಖಾಲಿ.

"ಕೋಲು?"

"ಇರ್ಲಿಲ್ಲ."

"ಬಂದ್ಯಲ್ಲ, ಸದ್ಯ" ಅಂತ ದೇವರಾಜ ಬ್ಯಾಗುಗಳನ್ನು ಮೇಲಿಡೋಕೆ ಹೋದ.

ಗಡಕ್. ರೈಲು ಅಲುಗಿತು. ಗಾಲಿ ಕಿರ್ ಅಂದಿತು. ಆಗ ಹೊರಗೆ, ಮಂಜಿನೊಳಗೆ...

ಟಕ್ ಟಕ್ ಟಕ್ ಟಕ್...

"ಅತ್ತೇ... ಬಂದೆ... ಬಂದೆ!"

ಶೋಭಾ ದನಿ.

ಎದುರಿಗೆ ಕೂತಿರೋಳು ಶೋಭಾ. ಹೊರಗೆ ಕೂಗ್ತಾ ಓಡಿ ಬರ್ತಿರೋಳೂ ಶೋಭಾ. ಇಬ್ಬರಲ್ಲಿ ಯಾರು ಮನುಷ್ಯಳು, ಯಾರು ಅಲ್ಲ? ನೀವಾಗಿದ್ದರೆ ಏನು ಮಾಡ್ತಿದ್ರಿ?

ನಮ್ಮ ಕಡೆ ಮಕ್ಕಳಿಗೆ ಮಾತು ಬಂದ ಕೂಡಲೇ ಒಂದು ಕಲಿಸ್ತಾರೆ. ಕಾಣದ ಕಡೆಯಿಂದ ಯಾರಾದರೂ ಕರೆದರೆ ಒಂದನೇ ಕರೆಗೆ ಓಗೊಡಬಾರದು. ಎರಡಕ್ಕೂ ಓಗೊಡಬಾರದು. ಗಾಳಿ-ದೆವ್ವ ಎರಡೇ ಸಲ ಕರೆಯೋದು. ಮೂರನೇ ಸಲ ಕರೆದರೆ ಅದು ಮನುಷ್ಯರು. ನಾನೂ ಹಾಗೇ ಬೆಳೆದವಳು, ಅತ್ತೆಯೂ ಹಾಗೇ ಬೆಳೆದವರು.

"ಅಜ್ಜೀ, ಅಮ್ಮ ಕರೀತಾವ್ಳೆ" ಅಂದಿತು ಆಶಾ.

ಅತ್ತೆ ಮಗುವಿನ ಬಾಯಿ ಮುಚ್ಚಿದರು. "ಸುಮ್ಕಿರು. ಓಗೊಡಬ್ಯಾಡ."

ರೈಲು ಓಡತೊಡಗಿತು. ಕೋಲಿನ ಸದ್ದು ಕಿಟಕಿಯ ಪಕ್ಕಕ್ಕೇ ಬಂತು. ಟಕ್ಟಕ್ಟಕ್ಟಕ್...

"ಅತ್ತೇ!"

ಎರಡು. ಅತ್ತೆ ಸೆರಗು ಕಚ್ಚಿಕೊಂಡು ಮೂರನೇ ಕರೆಗೆ ಕಾದರು. ಎದುರಿಗಿದ್ದವಳು ಕಣ್ಣು ಮಿಟುಕಿಸದೆ ಅತ್ತೆಯನ್ನೇ ನೋಡ್ತಾ ಇದ್ದಳು. ಕಾದರು...

ಭೋರ್ ಅಂತ ರೈಲು ಸುರಂಗಕ್ಕೆ ನುಗ್ಗಿತು. ಕತ್ತಲು. ಕಿವಿ ತುಂಬ ಗಾಲಿಯ ಸದ್ದು. ಮೂರನೇ ಕರೆ ಬಂತೋ ಇಲ್ಲವೋ, ಯಾರು ಹೇಳ್ತಾರೆ? ಸುರಂಗದಿಂದ ಈಚೆ ಬಂದಾಗ ನೋಡಿದರೆ, ಎದುರಿಗಿದ್ದವಳು ಎದ್ದು ಕಿಟಕಿ ಮುಚ್ಚಿ ಕೂತಿದ್ದಳು.

"ಮನೆ ಉಳಿಸ್ದೆ ಅಂತ ಬೀಗ್ತಾ ಬಂದೆ ಕಣವ್ವ" ಅಂದರು ಪುಟ್ಟಮಲ್ಲಮ್ಮ. "ದೆವ್ವನ ಅಲ್ಲೇ ಬುಟ್ಟು, ಸೊಸೇನ ಕರ್ಕಂಡು ಬಂದೆ ಅಂತ. ಊರಿಗೆ ಬಂದು ಹಿತ್ತಲಿಂದ ಕರುದ್ರೆ ಸೊಸೆ 'ಬಂದೆ' ಅನ್ನಲಿಲ್ಲ. ಸುಮ್ಕೆ ಬಂದು ಬೆನ್ನ ಹಿಂದೆ ನಿಂತ್ಳು. ನಾಳೆ ಅಂತಾಳೆ, ನಾಳಿದ್ದು ಅಂತಾಳೆ ಅಂತ ಕಾದೆ. ಮೂರು ವರ್ಸ ಆಯ್ತು. ಒಂದ್ಸಲಾನೂ ಅಂದಿಲ್ಲ. ಅವತ್ತು ನಾ ಮಗೀನ ಬಾಯಿ ಮುಚ್ಚಬಾರದಿತ್ತು..."

ಅತ್ತೆ ಅತ್ತರು. ಮಗನಿಗೆ ಹೇಳಿದ್ದಕ್ಕೆ ಅವನು ಮೈಸೂರಿಗೆ ಕರೆದುಕೊಂಡು ಹೋಗಿ ಮರೆವಿನ ಕಾಯಿಲೆಗೆ ಮಾತ್ರೆ ಕೊಡಿಸಿದನಂತೆ.

ನಾನು ಮಿಸ್ಸು ಅಲ್ಲವಾ, ಬುದ್ಧಿ ಹೇಳೋಕೆ ಹೋದೆ. "ಅತ್ತೆ, ಮನುಷ್ಯರು ಬದಲಾಗ್ತಾರೆ. ಅವಳೂ ಎಷ್ಟು ದಿನ..."

ಅಷ್ಟು ಹೇಳೋ ಹೊತ್ತಿಗೆ ಗಮನಿಸಿದೆ. ಪಾತ್ರೆ ತೊಳೆಯುವ ಸದ್ದು ನಿಂತುಹೋಗಿತ್ತು. ಯಾವಾಗ ನಿಂತಿತೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಶೋಭಾ ಹೊಸ್ತಿಲ ಒಳಗೆ ನಿಂತಿದ್ದಳು.

"ಮಂಜು ಬೀಳ್ತದೆ. ಒಳಕ್ಕೆ ಬನ್ನಿ ಅತ್ತೆ" ಅಂದಳು.

ನಡುಮನೆಯಲ್ಲಿ ಅತ್ತೆ, ನಾನು, ನಡುವೆ ಆಶಾ ಮಲಗಿದೆವು. ಶೋಭಾ ಅಗುಳಿ ಹಾಕಿದಳು. ದೀಪ ಆರಿತು. ನನಗೆ ನಿದ್ದೆ ಎಲ್ಲಿಂದ ಬರಬೇಕು? ಗೋಡೆ ಗಡಿಯಾರದ ಟಿಕ್ ಟಿಕ್... ಕೊಟ್ಟಿಗೆಯಲ್ಲಿ ಹಸು ಮೂಗುಸಿರು ಬಿಟ್ಟ ಸದ್ದು... ಆಮೇಲೆ ಹಸುವೂ ಸುಮ್ಮನಾಯಿತು.

ಟಕ್... ಸರ್...

ಬೀದಿಯಲ್ಲಿ.

ಟಕ್... ಸರ್...

ಅಂಗಳದಲ್ಲಿ. ಕೋಲು ಜಗಲಿ ಹತ್ತಿತು. ಒಂದು ಮೆಟ್ಟಿಲು... ಇನ್ನೊಂದು.

"ಅತ್ತೇ..."

ಶೋಭಾ ದನಿ. ಸೋತ ದನಿ. ನನ್ನ ಜೊತೆ ಹುಣಸೇಹಣ್ಣಿಗೆ ಜಗಳ ಆಡಿ ಬೆಳೆದವಳ ದನಿ ನನಗೆ ಗೊತ್ತಾಗಲ್ವಾ?

ಅತ್ತೆ ಈ ಸಲ ಎರಡನೇ ಕರೆಗೂ ಕಾಯಲಿಲ್ಲ. "ಬಾರವ್ವ! ಬಾ ನನ್ನವ್ವ, ಇಲ್ಲೇ ಇವ್ನಿ!" ಅಂತ ಕೂಗಿಕೊಂಡೇ ಎದ್ದರು. ತಡವರಿಸಿ ಬಾಗಿಲಿಗೆ ಹೋದರು. ನಾನೂ ಹಿಂದೆಯೇ ಹೋದೆ.

ಬಾಗಿಲ ಮುಂದೆ ಕತ್ತಲಲ್ಲಿ ಅವಳು ನಿಂತಿದ್ದಳು. ಬೆನ್ನು ಬಾಗಿಲಿಗೆ, ಕೈ ಅಗುಳಿಯ ಮೇಲೆ.

"ಯಾರೂ ಇಲ್ಲ ಅತ್ತೆ. ಮಲಿಕ್ಕಳಿ."

"ಬುಡು ಕೈಯ!"

"ಒಂದಕ್ಕೆ ಓಗೊಡಬಾರ್ದು ಅತ್ತೆ. ನೀವೇ ಹೇಳಿದ್ದು."

"ಅತ್ತೇ..." ಆಚೆ ಕಡೆಯಿಂದ ಎರಡನೇ ಕರೆ. ಬಾಗಿಲಿಗೆ ಬಾಯಿಟ್ಟು ಕರೆದ ಹಾಗಿತ್ತು. ನಾನು ಅವಳ ಕೈ ಹಿಡಿದು ಎಳೆದೆ. ಕಂಬ ಎಳೆದ ಹಾಗೆ, ಒಂದಿಷ್ಟೂ ಅಲುಗಲಿಲ್ಲ. ಅತ್ತೆ ಎರಡು ಕೈಯಲ್ಲಿ ಬಾಗಿಲು ಬಡಿದರು. "ಶೋಭಾ! ಹೋಗ್ಬ್ಯಾಡ ಕಣವ್ವ! ಇರು!"

ಹೊರಗೆ ಸದ್ದಿಲ್ಲ... ಇಲ್ಲ... ಆಮೇಲೆ ದೂರದಲ್ಲಿ, ಬಾವಿಯ ಆಚೆಯಿಂದ,

"ಅತ್ತೇ..."

ಮೂರು. ನಮ್ಮಿಬ್ಬರ ಕಿವಿಗೂ ಬಿತ್ತು. ಮೂರು ಸಲ ಕರೆದವರು ಮನುಷ್ಯರು ತಾನೇ?

ಆಗ ಅವಳು ಅಗುಳಿಯಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು. ಗಲಾಟೆಗೆ ದೇವರಾಜ ಎದ್ದು ಬಂದು ದೀಪ ಹಾಕಿದ. ಬಾಗಿಲು ತೆಗೆದೆವು. ಬೀದಿ ಖಾಲಿ. ಜಗಲಿ ಕಂಬಕ್ಕೆ ಒಂದು ಕೋಲು ಒರಗಿಸಿಟ್ಟಿತ್ತು.

"ಯಾರದವ್ವ ಕೋಲು?" ಅಂದ ದೇವರಾಜ. ಆಮೇಲೆ ಅವನಿಗೆ ಗುರುತು ಸಿಕ್ಕಿತು. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಆಶಾ ಕಣ್ಣುಜ್ಜಿಕೊಂಡು ಎದ್ದು ಬಂತು. ಹೊಸ್ತಿಲಲ್ಲಿ ನಿಂತಿದ್ದ ಅವಳನ್ನು ದಾಟಿಕೊಂಡು ಅಜ್ಜಿ ಹತ್ತಿರ ಬಂದು, ಮೆತ್ತಗೆ ಕೇಳಿತು.

"ಅಜ್ಜೀ... ಅಮ್ಮ ಬಂದಿದ್ಳಾ?"

ಅದಾದ ಮೇಲೆ ಪುಟ್ಟಮಲ್ಲಮ್ಮ ಮಳೆಯಿರಲಿ ಚಳಿಯಿರಲಿ ಜಗಲಿ ಮೇಲೆಯೇ ಮಲಗೋದು. ಬೀದಿಯಲ್ಲಿ ಯಾರು ಏನು ಕೂಗಿದರೂ, ಸೊಪ್ಪು ಮಾರೋಳು ಕೂಗಿದರೂ, ಮೊದಲನೇ ಕೂಗಿಗೇ "ಬಾರವ್ವ" ಅಂತ ಓಗೊಡ್ತಾರೆ. ಅವಳು ಒಳಗೆ ಅಡುಗೆ ಮಾಡಿಕೊಂಡೇ ಇದಾಳೆ. ಕರೆದರೆ ಬರ್ತಾಳೆ. ನನ್ನ ಮಗಳ ಮದುವೆಗೂ ಬಂದಿದ್ದಳು, ಚೆನ್ನಾಗಿ ಓಡಾಡಿದಳು. ನಾನು ಒಂದು ಸಲವೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ.

ನಡುವೆ ಸಮುದ್ರ ಇದೆ, ಯಾರು ತಾನೆ ನಡೆದು ಬರೋಕಾಗುತ್ತೆ ಅಂತ ನನ್ನ ಗಂಡ ನಗ್ತಾರೆ. ಸಮುದ್ರ ಇದೆ ಅಂತ ನನಗೂ ಗೊತ್ತು. ಆದರೆ ಕೋಲೂ ಇದೆ. ನಂಬದಿದ್ದರೆ ಭೇರ್ಯಕ್ಕೆ ಬನ್ನಿ, ತೋರಿಸ್ತೀನಿ. ಅದರ ತುದಿಯಲ್ಲಿದ್ದ ಹೆಬ್ಬೆಟ್ಟು ದಪ್ಪದ ಕಬ್ಬಿಣದ ಬಳೆ ಸವೆದು ಸವೆದು ಈಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ.